ಗಂಗಾವತಿಯ ರೈಸ್ ಮಿಲ್ ಒಂದರ ಕಾಟಾ ತಂತ್ರಾಂಶ: ಕಂಟೇನರ್‌ಗಳನ್ನು ಭದ್ರಪಡಿಸಿದ ಕೆಲಸದ ದಾಖಲೆ

ತುಂಗಭದ್ರಾ ಎಡದಂಡೆ ಕಾಲುವೆಯ ಮುಂಗಾರಿ ಭತ್ತ ನವೆಂಬರ್ ಹೊತ್ತಿಗೆ ಗಂಗಾವತಿ ಮತ್ತು ಕಾರಟಗಿಯ ಮಿಲ್‌ಗಳಿಗೆ ಬರತೊಡಗಿದರೆ, ಅಲ್ಲಿಂದ ಮುಂದೆ ಕಾಟಾ ಕೋಣೆಯ ಕಂಪ್ಯೂಟರನ್ನು ಒಂದು ತಾಸು ನಿಲ್ಲಿಸುವುದಕ್ಕೂ ಯಾರೂ ಒಪ್ಪುವುದಿಲ್ಲ. ಹಾಗಾಗಿ ಇಲ್ಲಿ ಬರೆದಿರುವ ಕೆಲಸವನ್ನೆಲ್ಲ ಆವಕ ಕಡಿಮೆ ಇರುವ ಮಳೆಗಾಲದಲ್ಲಿಯೇ ಮುಗಿಸಬೇಕಾಗಿತ್ತು. ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಕಾಟಾ ಚೀಟಿ, ಖರೀದಿ ಲೆಕ್ಕ ಮತ್ತು ರೈತರ ಪಾವತಿಯನ್ನು ನೋಡಿಕೊಳ್ಳುವ ತಂತ್ರಾಂಶವು ಡಾಕರ್ ಕಂಟೇನರ್‌ಗಳಲ್ಲಿ, ಅಂದರೆ ಡಾಕರ್ ಎಂಬ ಸಾಧನವು ಒಂದೇ ಯಂತ್ರದಲ್ಲಿ ಬೇರೆ ಬೇರೆಯಾಗಿ ಓಡಿಸುವ ಪ್ರೋಗ್ರಾಂಗಳ ಕಟ್ಟುಗಳಲ್ಲಿ, ಓಡುತ್ತಿದೆ. ಅದನ್ನು ಮೊದಲು ಕಟ್ಟಿಕೊಟ್ಟವರು ಈಗ ಉಸ್ತುವಾರಿಯಲ್ಲಿಲ್ಲ. ಹೊರಗಿನವರ ದಾಳಿಗೆ ಸಿಗದಂತೆ ಅದನ್ನು ಭದ್ರಪಡಿಸಿಕೊಡಬೇಕೆಂದು ಮಿಲ್‌ನ ಸಾಹುಕಾರರು ಕೇಳಿದ್ದರು.

ಇಂಥ ಸಣ್ಣ ಯಂತ್ರಕ್ಕೆ ಯಾರು ಕೈ ಹಾಕುತ್ತಾರೆ ಎಂಬ ಮಾತನ್ನು ನಮ್ಮ ಕಡೆ ಮತ್ತೆ ಮತ್ತೆ ಕೇಳುತ್ತೇವೆ. ಆದರೆ ಈ ಡೇಟಾಬೇಸ್‌ನ ಒಂದೊಂದು ಸಾಲಿನಲ್ಲಿಯೂ ಲಾರಿ ಅಥವಾ ಟ್ರ್ಯಾಕ್ಟರಿನ ಸಂಖ್ಯೆ, ತುಂಬಿದ ತೂಕ, ಖಾಲಿ ತೂಕ, ತೇವಾಂಶ, ಕ್ವಿಂಟಲ್ ದರ, ರೈತರ ಹೆಸರು, ಮೊಬೈಲ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆ ಇವೆ. ಖಾತೆ ಸಂಖ್ಯೆಯ ನಾಲ್ಕು ಅಂಕಿಗಳನ್ನು ಯಾರಾದರೂ ಸದ್ದಿಲ್ಲದೆ ಬದಲಾಯಿಸಿದರೆ ಒಂದು ಕುಟುಂಬದ ಇಡೀ ಬೆಳೆಯ ಹಣ ಬೇರೆಯವರ ಪಾಲಾಗುತ್ತದೆ. ದಾಳಿಕೋರರಿಗೆ ಈ ಮಿಲ್‌ನ ಹೆಸರೂ ಗೊತ್ತಿರಬೇಕಾಗಿಲ್ಲ. ಅವರ ಸ್ಕ್ಯಾನರ್‌ಗಳು ಇಂಟರ್‌ನೆಟ್ಟಿನ ವಿಳಾಸಗಳನ್ನು ಸಾಲಾಗಿ ಬಡಿಯುತ್ತ ಹೋಗುತ್ತವೆ, ತೆರೆದ ಪೋರ್ಟ್ (ಜಾಲದಿಂದ ಯಂತ್ರದೊಳಗಿನ ಪ್ರೋಗ್ರಾಂಗೆ ಹೋಗುವ, ಸಂಖ್ಯೆಯುಳ್ಳ ಬಾಗಿಲು) ಸಿಕ್ಕಲ್ಲಿ ಒಳಗೆ ನುಗ್ಗುತ್ತವೆ.

ಕೆಲಸಕ್ಕೆ ಕೈಹಾಕುವ ಮುನ್ನ ಸಾಹುಕಾರರಿಗೂ ಗುಮಾಸ್ತರಿಗೂ ಒಂದು ವಿಷಯವನ್ನು ತಿಳಿಸಿ ಹೇಳಿದೆ. ಕಂಟೇನರ್ ಎಂದರೆ ಪ್ರತ್ಯೇಕ ಕಂಪ್ಯೂಟರ್ ಎಂಬ ಭಾವನೆ ಬಹಳ ಜನರಲ್ಲಿದೆ. ನಿಜದಲ್ಲಿ ಅದು ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ನೇಮ್‌ಸ್ಪೇಸ್ ಮತ್ತು ಸಿಗ್ರೂಪ್ ಎಂಬ ಸೌಲಭ್ಯಗಳಿಂದ ಬೇರ್ಪಡಿಸಲ್ಪಟ್ಟ ಒಂದು ಸಾಮಾನ್ಯ ಪ್ರಕ್ರಿಯೆ. ಒಂದೇ ಗೋದಾಮಿನೊಳಗೆ ತಗಡಿನ ಅಡ್ಡಗೋಡೆಗಳನ್ನು ಹಾಕಿ ಬೇರೆ ಬೇರೆ ಮಾಲನ್ನು ಇಟ್ಟಂತೆ; ಗೋಡೆ ಬೇರೆಯಾದರೂ ನೆಲ, ಅಂದರೆ ಕರ್ನಲ್, ಒಂದೇ. ಆದ್ದರಿಂದ ಪ್ರತಿಯೊಂದು ಕಂಟೇನರ್‌ಗೂ ಯಾವ ಅಧಿಕಾರ ಬೇಕಾಗಿಲ್ಲ ಎಂಬುದನ್ನು ಹುಡುಕಿ, ಅದನ್ನು ತೆಗೆದುಹಾಕುತ್ತ ಹೋಗುವುದೇ ಇಲ್ಲಿಯ ಕೆಲಸದ ಬಹುಪಾಲು.

ಫೈರ್‌ವಾಲ್ ಮುಚ್ಚಿದೆ ಎನ್ನುತ್ತಿತ್ತು, ಪೋರ್ಟ್ ತೆರೆದಿತ್ತು

ಯಂತ್ರವು ಕಾಟಾ ಕೋಣೆಯ ಮೂಲೆಯಲ್ಲಿರುವ ಒಂದು ಮಿನಿ ಪಿಸಿ. ಅದರಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 22.04 ಇದೆ. ವೆಬ್ ಅಪ್ಲಿಕೇಶನ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಮೆಮೊರಿಯಲ್ಲಿ ಡೇಟಾ ಇಡುವ ರೆಡಿಸ್, ವೇಬ್ರಿಡ್ಜ್‌ನಿಂದ ತೂಕ ಓದುವ ಪ್ರೋಗ್ರಾಂ, ಕಂಟೇನರ್‌ಗಳನ್ನು ಬ್ರೌಸರ್‌ನಲ್ಲಿಯೇ ನಿರ್ವಹಿಸುವ ಒಂದು ಪುಟ, ಇವೆಲ್ಲದರ ಮುಂದೆ ವೆಬ್ ಸಂಪರ್ಕಗಳನ್ನು ಬರಮಾಡಿಕೊಳ್ಳುವ ಎನ್‌ಜಿನ್‌ಎಕ್ಸ್: ಇವಿಷ್ಟು ಕಂಟೇನರ್‌ಗಳು. ಸಾಹುಕಾರರು ಊರಲ್ಲಿ ಇಲ್ಲದಾಗಲೂ ಮೊಬೈಲ್‌ನಲ್ಲಿ ಆವಕ ನೋಡಬೇಕೆಂಬ ಕಾರಣಕ್ಕೆ ಬ್ರಾಡ್‌ಬ್ಯಾಂಡ್‌ಗೆ ಸ್ಥಿರ ವಿಳಾಸ ಪಡೆದು, ರೌಟರ್‌ನಲ್ಲಿ ಡಿಎಂಜಡ್ ಎಂಬ ಆಯ್ಕೆಯನ್ನು ಆನ್ ಮಾಡಲಾಗಿತ್ತು. ಹಾಗೆ ಮಾಡಿದರೆ ಹೊರಗಿನಿಂದ ಬರುವ ಪ್ರತಿಯೊಂದು ಸಂಪರ್ಕವೂ ನೇರವಾಗಿ ಈ ಪಿಸಿಗೇ ಬರುತ್ತದೆ. ಪಿಸಿಯಲ್ಲಿ ಬೇಡದ ಸಂಪರ್ಕಗಳನ್ನು ತಡೆಯುವ ಯುಎಫ್‌ಡಬ್ಲ್ಯು ಫೈರ್‌ವಾಲ್ ಇದೆಯಲ್ಲ ಎಂಬ ಧೈರ್ಯದಿಂದ ಇದನ್ನು ಮಾಡಿದ್ದಂತೆ ತೋರಿತು. ಅದರ ಸ್ಥಿತಿ ಕೇಳಿದಾಗ 22 (ದೂರದಿಂದ ಲಾಗಿನ್ ಆಗುವುದು) ಮತ್ತು 443 (ವೆಬ್) ಪೋರ್ಟ್‌ಗಳು ಮಾತ್ರ ತೆರೆದಿವೆ, ಉಳಿದದ್ದೆಲ್ಲ ಮುಚ್ಚಿದೆ ಎಂದು ಅದು ತೋರಿಸಿತು.

ಒಳಗಿನಿಂದ ಕೇಳುವ ಉತ್ತರವನ್ನು ನಂಬದೆ ಮೊಬೈಲ್ ಹಾಟ್‌ಸ್ಪಾಟ್‌ಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿ, ಹೊರಗಿನವನಂತೆ ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್‌ನಿಂದ ಮಿಲ್‌ನ ವಿಳಾಸವನ್ನು ಪರೀಕ್ಷಿಸಿದೆ. 22 ಮತ್ತು 443ರ ಜೊತೆಗೆ ಪೋಸ್ಟ್‌ಗ್ರೆಸ್‌ನ 5432, ರೆಡಿಸ್‌ನ 6379 ಮತ್ತು ನಿರ್ವಹಣಾ ಪುಟದ ಪೋರ್ಟ್ ಮೂರೂ ತೆರೆದಿದ್ದವು. ಇದು ಡಾಕರ್ ಬಳಸುವವರೆಲ್ಲರೂ ತಿಳಿದಿರಲೇಬೇಕಾದ ಸಂಗತಿಯಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾವ ಕಂಟೇನರ್ ಹೇಗೆ ಓಡಬೇಕೆಂದು ಡಾಕರ್‌ಗೆ ಹೇಳುವ ಕಂಪೋಸ್ ಕಡತದಲ್ಲಿ ಒಂದು ಪೋರ್ಟನ್ನು ಬರಿದೇ ‘5432:5432’ ಎಂದು ಬರೆದರೆ ಡಾಕರ್ ಅದನ್ನು 0.0.0.0 ವಿಳಾಸಕ್ಕೆ, ಅಂದರೆ ಯಂತ್ರದ ಎಲ್ಲ ಜಾಲ ಸಂಪರ್ಕಗಳಿಗೂ ಕಟ್ಟುತ್ತದೆ. ಅದಕ್ಕಾಗಿ ಲಿನಕ್ಸ್‌ನ ಪ್ಯಾಕೆಟ್ ನಿಯಮಗಳ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ತಾನೇ ಒಂದು ನಿಯಮವನ್ನು ಸೇರಿಸಿ, ಬಂದ ಪ್ಯಾಕೆಟ್ಟಿನ ಗಮ್ಯವನ್ನು ಕಂಟೇನರ್‌ನ ವಿಳಾಸಕ್ಕೆ ಬದಲಾಯಿಸುತ್ತದೆ. ಹೀಗೆ ಬದಲಾದ ಪ್ಯಾಕೆಟ್ ಯಂತ್ರಕ್ಕಾಗಿ ಬಂದದ್ದೆಂದು ಎಣಿಕೆಯಾಗುವುದಿಲ್ಲ, ಯಂತ್ರವನ್ನು ದಾಟಿ ಹೋಗುವಂಥದ್ದೆಂದು ಎಣಿಕೆಯಾಗಿ ಫಾರ್ವರ್ಡ್ ಎಂಬ ನಿಯಮಗಳ ಸರಪಳಿಯ ಮೂಲಕ ಹೋಗುತ್ತದೆ. ಯುಎಫ್‌ಡಬ್ಲ್ಯುವಿನ ಸಾಮಾನ್ಯ ನಿಯಮಗಳು ಇರುವುದು ಇನ್‌ಪುಟ್ ಸರಪಳಿಯಲ್ಲಿ. ಆ ನಿಯಮಗಳಿಗೆ ಈ ಪ್ಯಾಕೆಟ್ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಫೈರ್‌ವಾಲ್ ಹೇಳುವುದೂ ಅದರ ಮಟ್ಟಿಗೆ ನಿಜ, ಪೋರ್ಟ್ ತೆರೆದಿರುವುದೂ ನಿಜ.

ರೆಡಿಸ್‌ಗೆ ಪಾಸ್‌ವರ್ಡ್ ಇರಲಿಲ್ಲ. ಪಾಸ್‌ವರ್ಡ್ ಇಲ್ಲದ ರೆಡಿಸ್ ಹೊರಗಿನ ಸಂಪರ್ಕಗಳನ್ನು ನಿರಾಕರಿಸುವಂತೆ 3.2ನೇ ಆವೃತ್ತಿಯಿಂದ ಒಂದು ರಕ್ಷಣಾ ವಿಧಾನ ಇದೆಯಾದರೂ, ಕಂಟೇನರ್‌ಗಳ ನಡುವೆ ಸಂಪರ್ಕ ಸಾಧ್ಯವಾಗಲೆಂದು ಡಾಕರ್‌ನ ಅಧಿಕೃತ ರೆಡಿಸ್ ಇಮೇಜ್‌ನಲ್ಲಿ (ಕಂಟೇನರ್ ಓಡಿಸಲು ಬಳಸುವ ಸಿದ್ಧ ಅಚ್ಚಿನಲ್ಲಿ) ಅದು ಆಫ್ ಆಗಿರುತ್ತದೆ. ಒಳಗಿನ ಕೀಗಳನ್ನು (ಡೇಟಾದ ಹೆಸರುಗಳನ್ನು) ತೆಗೆದು ನೋಡಿದಾಗ ಅಪ್ಲಿಕೇಶನ್‌ಗೆ ಸಂಬಂಧವೇ ಇಲ್ಲದ, ‘ಬ್ಯಾಕಪ್1’, ‘ಬ್ಯಾಕಪ್2’ ಎಂಬ ಹೆಸರಿನ ಕೀಗಳು ಕಂಡವು. ಅವುಗಳ ಮೌಲ್ಯದಲ್ಲಿದ್ದದ್ದು ಗೊತ್ತಾದ ವೇಳೆಗೆ ಆದೇಶ ಓಡಿಸುವ ಕ್ರಾನ್ ಸೇವೆಯ ಒಂದು ಸಾಲು: ಕೆಲವು ನಿಮಿಷಕ್ಕೊಮ್ಮೆ ಯಾವುದೋ ವಿಳಾಸದಿಂದ ಒಂದು ಸ್ಕ್ರಿಪ್ಟ್ ಇಳಿಸಿಕೊಂಡು ಓಡಿಸು ಎಂಬ ಆದೇಶ. ರೆಡಿಸ್ ತನ್ನ ಡೇಟಾವನ್ನು ಉಳಿಸುವ ಜಾಗವನ್ನು ಕ್ರಾನ್‌ನ ಫೋಲ್ಡರ್‌ಗೆ ತಿರುಗಿಸಿ, ಆ ಕಡತವೇ ಕ್ರಾನ್ ಆದೇಶವಾಗುವಂತೆ ಮಾಡುವ ಹಳೆಯ ತಂತ್ರ ಇದು. ಬಹುತೇಕ ಇದರ ಉದ್ದೇಶ ಯಂತ್ರದಲ್ಲಿ ಮೊನೆರೊ ಎಂಬ ಕ್ರಿಪ್ಟೊ ನಾಣ್ಯವನ್ನು ಗಣಿಗಾರಿಕೆ ಮಾಡುವುದು. ಇಲ್ಲಿ ಅದು ಫಲಿಸಿರಲಿಲ್ಲ, ಏಕೆಂದರೆ ರೆಡಿಸ್‌ನ ಅಧಿಕೃತ ಇಮೇಜ್ ಶುರುವಾದ ಕೂಡಲೇ ಪೂರ್ಣಾಧಿಕಾರವಾದ ರೂಟ್ ಅಧಿಕಾರವನ್ನು ಬಿಟ್ಟು ಸಾಮಾನ್ಯ ಯೂಸರ್ ಆಗಿ ಓಡುತ್ತದೆ, ಮತ್ತು ಆ ಕಂಟೇನರ್‌ನೊಳಗೆ ಕ್ರಾನ್ ಸೇವೆಯೇ ಇಲ್ಲ. ಕಡಿಮೆ ಅಧಿಕಾರ ಎಂಬುದು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಬೇಕಾಗಿರಲಿಲ್ಲ.

ಪೋಸ್ಟ್‌ಗ್ರೆಸ್‌ನ ಲಾಗ್‌ನಲ್ಲಿ ‘ಪೋಸ್ಟ್‌ಗ್ರೆಸ್’ ಎಂಬ ಯೂಸರ್‌ಗೆ ಪಾಸ್‌ವರ್ಡ್ ತಪ್ಪಾಗಿದೆ ಎಂಬ ಸಾಲುಗಳು ಪುಟಗಟ್ಟಲೆ ಇದ್ದವು. ಯಶಸ್ವಿಯಾದ ಸಂಪರ್ಕಗಳನ್ನು ದಾಖಲಿಸುವ ಸೆಟ್ಟಿಂಗ್ ಪೋಸ್ಟ್‌ಗ್ರೆಸ್‌ನಲ್ಲಿ ತಾನಾಗಿ ಆನ್ ಇರುವುದಿಲ್ಲವಾದ್ದರಿಂದ, ಯಾರೂ ಒಳಗೆ ಬಂದಿಲ್ಲ ಎಂದು ಆ ಲಾಗ್‌ನಿಂದ ಸಾಧಿಸಲು ಬರುವುದಿಲ್ಲ. ಇನ್ನೊಂದು ತೊಂದರೆಯೆಂದರೆ ಅಪ್ಲಿಕೇಶನ್ ಕೂಡ ಡೇಟಾಬೇಸ್‌ನ ಸೂಪರ್‌ಯೂಸರ್ ಹೆಸರಿನಲ್ಲಿಯೇ ಸಂಪರ್ಕ ಪಡೆಯುತ್ತಿತ್ತು. ಪೋಸ್ಟ್‌ಗ್ರೆಸ್‌ನ ಸೂಪರ್‌ಯೂಸರ್‌ಗೆ ‘ಕಾಪಿ ಫ್ರಮ್ ಪ್ರೋಗ್ರಾಂ’ ಎಂಬ ಆದೇಶದ ಮೂಲಕ ಸರ್ವರ್‌ನ ಮೇಲೆ ಯಾವುದೇ ಕಮಾಂಡ್ ಓಡಿಸುವ ಶಕ್ತಿ ಇರುತ್ತದೆ. ಸಂಶಯ ಇರುವಾಗ ಕೆಟ್ಟದ್ದೇ ಆಗಿದೆ ಎಂದು ಹಿಡಿದು ನಡೆಯುವುದು ಈ ವೃತ್ತಿಯ ಧರ್ಮ. ಸೈಬರ್ ಭದ್ರತಾ ಘಟನೆಗಳನ್ನು ನೋಡಿಕೊಳ್ಳುವ ಭಾರತದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಮಿಲ್‌ನ ಹೆಸರಿನಲ್ಲಿ ಆ ವರದಿಯನ್ನು ಅದೇ ಸಂಜೆ ಕಳುಹಿಸಲಾಯಿತು.

ಆಮೇಲೆ ರೌಟರ್‌ನ ಡಿಎಂಜಡ್ ಆಫ್ ಮಾಡಿ, ಡೇಟಾಬೇಸ್‌ನ ಪೂರ್ತಿ ಪ್ರತಿ ತೆಗೆದು, ಅದರಲ್ಲಿ ಗುರುತಿಲ್ಲದ ಯೂಸರ್‌ಗಳಾಗಲಿ ಫಂಕ್ಷನ್‌ಗಳಾಗಲಿ ಇಲ್ಲವೆಂದು ನೋಡಿಕೊಂಡೆ. ಆದರೆ ಖಾತೆ ಸಂಖ್ಯೆಗಳು ಸರಿಯಾಗಿವೆ ಎಂದು ಯಂತ್ರವೇ ಹೇಳಲಾರದು. ಮಿಲ್‌ನ ಗುಮಾಸ್ತರು ರೈತರು ಕೊಟ್ಟಿದ್ದ ಪಾಸ್‌ಬುಕ್ಕಿನ ಜೆರಾಕ್ಸ್ ಪ್ರತಿಗಳ ಫೈಲುಗಳನ್ನು ಕಪಾಟಿನಿಂದ ಇಳಿಸಿ, ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಿದರು. ಎಲ್ಲವೂ ಹೊಂದಿದವು. ಈ ಇಡೀ ಕೆಲಸದಲ್ಲಿ ರೈತರ ಹಣಕ್ಕೆ ಅತ್ಯಂತ ಹತ್ತಿರದ ರಕ್ಷಣೆ ಎಂದರೆ ಗುಮಾಸ್ತರ ಆ ತಾಳೆಯೇ ಎಂದು ನಾನು ಭಾವಿಸುತ್ತೇನೆ.

ಪೋರ್ಟ್‌ಗಳ ವಿಷಯದಲ್ಲಿ ಪರಿಹಾರ ಸರಳವಾಗಿತ್ತು. ಒಂದೇ ಕಂಪೋಸ್ ಜಾಲದಲ್ಲಿರುವ ಕಂಟೇನರ್‌ಗಳು ಪರಸ್ಪರ ಮಾತಾಡಲು ಪೋರ್ಟನ್ನು ಹೊರಕ್ಕೆ ತೆರೆಯಬೇಕಾಗಿಯೇ ಇಲ್ಲ, ಆದ್ದರಿಂದ 5432 ಮತ್ತು 6379ರ ಸಾಲುಗಳನ್ನು ಕಂಪೋಸ್ ಕಡತದಿಂದ ಅಳಿಸಿಹಾಕಿದೆ. 127.0.0.1ಕ್ಕೆ, ಅಂದರೆ ಯಂತ್ರ ತನ್ನೊಳಗೇ ಬಳಸುವ ವಿಳಾಸಕ್ಕೆ, ಕಟ್ಟಿದರೆ ಸಾಕೆಂದು ಹಲವರು ಹೇಳುತ್ತಾರೆ. ಆದರೆ ಡಾಕರ್‌ನ 28ನೇ ಆವೃತ್ತಿಗಿಂತ ಮುಂಚಿನವುಗಳಲ್ಲಿ ಹಾಗೆ ಕಟ್ಟಿದ ಪೋರ್ಟನ್ನೂ ಅದೇ ಸ್ಥಳೀಯ ಜಾಲದಲ್ಲಿರುವ ಬೇರೆ ಯಂತ್ರ ಮುಟ್ಟಬಹುದಾಗಿತ್ತು ಎಂಬುದನ್ನು ನೆನಪಿಡಬೇಕು. ಮಿಲ್‌ನ ವೈಫೈನಲ್ಲಿ ಲಾರಿ ಚಾಲಕರ ಫೋನ್‌ಗಳೂ ಇರುತ್ತವೆ. ಬೇಡವಾದದ್ದನ್ನು ಅಳಿಸುವುದೇ ಒಳ್ಳೆಯದು. ಜಾಲವನ್ನು ಎರಡಾಗಿ ಒಡೆದು, ಡೇಟಾಬೇಸ್, ರೆಡಿಸ್ ಮತ್ತು ತೂಕ ಓದುವ ಪ್ರೋಗ್ರಾಂಗಳನ್ನು ‘ಇಂಟರ್ನಲ್’ ಎಂದು ಗುರುತಿಸಿದ ಹಿಂದಿನ ಜಾಲದಲ್ಲಿ ಇಟ್ಟೆ. ಆ ಜಾಲದಿಂದ ಇಂಟರ್‌ನೆಟ್ಟಿಗೆ ದಾರಿಯೇ ಇರುವುದಿಲ್ಲ. ಎಸ್‌ಎಂಎಸ್ ಕಳುಹಿಸಬೇಕಾದ ವೆಬ್ ಅಪ್ಲಿಕೇಶನ್ ಮಾತ್ರ ಎರಡೂ ಜಾಲಗಳಲ್ಲಿದೆ. ಮುಂದೆ ಯಾರಾದರೂ ಆತುರದಲ್ಲಿ ಪೋರ್ಟ್ ತೆರೆದರೂ ತಡೆಯಿರಲೆಂದು, ಡಾಕರ್ ಬಳಕೆದಾರರ ನಿಯಮಗಳಿಗಾಗಿಯೇ ಬಿಟ್ಟಿರುವ ‘ಡಾಕರ್-ಯೂಸರ್’ ಸರಪಳಿಯಲ್ಲಿ ಹೊರಗಿನ ಸಂಪರ್ಕಗಳನ್ನು ತಡೆಯುವ ನಿಯಮವನ್ನೂ ಬರೆದೆ.

ಇಮೇಜ್‌ನ ಪದರಗಳಲ್ಲಿ ಉಳಿದಿದ್ದ ಕೀ

ವೆಬ್ ಅಪ್ಲಿಕೇಶನ್‌ನ ಇಮೇಜನ್ನು ‘ಡಾಕರ್ ಹಿಸ್ಟರಿ’ ಕಮಾಂಡ್‌ನಿಂದ ಪದರ ಪದರವಾಗಿ ನೋಡಿದಾಗ, ಒಂದು ಪದರದಲ್ಲಿ ಇಡೀ ಫೋಲ್ಡರ್ ನಕಲಾಗಿದ್ದು, ನಂತರದ ಪದರದಲ್ಲಿ ಪಾಸ್‌ವರ್ಡ್‌ಗಳನ್ನು ಇಡುವ ‘ಎನ್ವ್’ ಕಡತವನ್ನು ಅಳಿಸುವ ಸಾಲು ಇತ್ತು. ಅಳಿಸಿದ್ದಾರೆ ಎಂದರೆ ಹೋಯಿತು ಎಂದಲ್ಲ. ಇಮೇಜ್‌ನ ಪ್ರತಿ ಪದರವೂ ಪ್ರತ್ಯೇಕವಾಗಿ ಉಳಿಯುತ್ತದೆ. ಮೇಲಿನ ಪದರದಲ್ಲಿ ಅಳಿಸಿದ್ದು ಕೆಳಗಿನ ಪದರವನ್ನು ಮರೆಮಾಡುತ್ತದೆ ಅಷ್ಟೆ. ಇಮೇಜನ್ನು ಟಾರ್ ಕಡತವಾಗಿ ಉಳಿಸಿ, ಬಿಚ್ಚಿ, ಆ ಕೆಳಪದರವನ್ನು ತೆರೆದರೆ ಡೇಟಾಬೇಸ್‌ನ ಪಾಸ್‌ವರ್ಡ್ ಮತ್ತು ಎಸ್‌ಎಂಎಸ್ ಸೇವೆಯ ಕೀ ಎರಡೂ ಓದುವಂತೆ ಇದ್ದವು. ಇಂಥ ಸಂದರ್ಭದಲ್ಲಿ ಮೊದಲು ಮಾಡಬೇಕಾದದ್ದು ಇಮೇಜನ್ನು ಸರಿಪಡಿಸುವುದಲ್ಲ. ಆ ಕೀಗಳನ್ನೇ ರದ್ದುಮಾಡಿ ಹೊಸದನ್ನು ಪಡೆಯುವುದು. ಅದಾದ ಮೇಲೆ ರಹಸ್ಯದ ಕಡತಗಳು ಇಮೇಜ್‌ನೊಳಗೆ ಹೋಗದಂತೆ ‘ಡಾಕರ್‌ಇಗ್ನೋರ್’ ಪಟ್ಟಿ ಬರೆದು, ಓಡುವ ಸಮಯದಲ್ಲಿ ಮಾತ್ರ ಅವು ಕಂಪೋಸ್‌ನ ಸೀಕ್ರೆಟ್ಸ್ ಸೌಲಭ್ಯದ ಮೂಲಕ ಕಡತಗಳಾಗಿ ಒಳಗೆ ಕಾಣುವಂತೆ ಮಾಡಿದೆ. ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್ ಪಾಸ್‌ವರ್ಡನ್ನು ಕಡತದಿಂದ ಓದಲು ಮೊದಲೇ ವ್ಯವಸ್ಥೆ ಇಟ್ಟಿದೆ. ಆದರೆ ಕಂಪೋಸ್‌ನ ಈ ಸೀಕ್ರೆಟ್ ಗೂಢಲಿಪಿಯಲ್ಲಿ ಇರುವುದಿಲ್ಲ, ಅದು ಯಂತ್ರದ ಮೇಲಿನ ಒಂದು ಸಾಮಾನ್ಯ ಕಡತ. ಆದ್ದರಿಂದ ಆ ಕಡತಗಳನ್ನು ಯಾರು ಓದಬಹುದು ಎಂಬ ಅನುಮತಿಗಳನ್ನೂ ಬಿಗಿ ಮಾಡಬೇಕಾಯಿತು.

ಇಮೇಜ್‌ನ ತಳಹದಿಯೇ ಹಳೆಯದಾಗಿತ್ತು: ಲಿನಕ್ಸ್‌ನ ಇನ್ನೊಂದು ಬಗೆಯಾದ ಡೆಬಿಯನ್ 10ರ ಮೇಲೆ ಪೈಥಾನ್ ಭಾಷೆಯ 3.8ನೇ ಆವೃತ್ತಿ. ಡೆಬಿಯನ್ 10ರ ದೀರ್ಘಾವಧಿ ಬೆಂಬಲ 2024ರ ಜೂನ್‌ಗೆ, ಪೈಥಾನ್ 3.8ರದು ಅದೇ ವರ್ಷದ ಅಕ್ಟೋಬರ್‌ಗೆ ಮುಗಿದಿದೆ. ಟ್ರಿವಿ ಎಂಬ ಉಪಕರಣದಿಂದ ಸ್ಕ್ಯಾನ್ ಮಾಡಿದಾಗ ದೋಷಗಳ ಪಟ್ಟಿ ಪರದೆ ತುಂಬಿ ಹರಿಯಿತು. ಈ ಪಟ್ಟಿಯ ಉದ್ದವನ್ನು ನೋಡಿ ಹೆದರುವುದರಲ್ಲಾಗಲಿ, ಅದನ್ನು ಸೊನ್ನೆಗೆ ತರುವ ಹಠದಲ್ಲಾಗಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ. ತಿದ್ದುಪಡಿ ಲಭ್ಯವಿರುವ ದೋಷಗಳನ್ನಷ್ಟೇ ಮೊದಲು ಸೋಸಿ, ಅವುಗಳಲ್ಲಿ ಹೊರಗಿನವರ ಮಾತು ತಲುಪುವ ಜಾಗದಲ್ಲಿರುವುವನ್ನು ಮುಂದಿಟ್ಟುಕೊಂಡೆ. ಪಟ್ಟಿಯ ಬಹುಪಾಲು ಅಪ್ಲಿಕೇಶನ್‌ಗೆ ಬೇಕೇ ಇಲ್ಲದ ಕಂಪೈಲರ್, ಹೆಡರ್ ಕಡತ ಮತ್ತು ಹಳೆಯ ಉಪಕರಣಗಳಿಗೆ ಸೇರಿದ್ದಾಗಿತ್ತು. ಎರಡು ಹಂತಗಳ ಬಿಲ್ಡ್ ಬರೆದು, ಮೊದಲ ಹಂತದಲ್ಲಿ ಮಾತ್ರ ಕಂಪೈಲರ್ ಇಟ್ಟು, ಎರಡನೆಯದನ್ನು ಡೆಬಿಯನ್ 12ರ ಸ್ಲಿಮ್ ಆವೃತ್ತಿಯ ಪೈಥಾನ್ 3.12ರ ಮೇಲೆ ಕಟ್ಟಿದಾಗ ಪಟ್ಟಿ ತಾನಾಗಿಯೇ ಕುಗ್ಗಿತು.

ಆದರೆ ಇಮೇಜ್ ತೆಳುವಾದಾಗ ಕನ್ನಡವೂ ಹೊರಟುಹೋಯಿತು. ಪರೀಕ್ಷೆಗೆಂದು ಮುದ್ರಿಸಿದ ಕಾಟಾ ಚೀಟಿಯಲ್ಲಿ ತೂಕ, ದಿನಾಂಕ, ಲಾರಿ ಸಂಖ್ಯೆ ಎಲ್ಲ ಸರಿಯಾಗಿ ಬಂದು, ರೈತರ ಹೆಸರು ಮತ್ತು ಊರಿನ ಜಾಗದಲ್ಲಿ ಖಾಲಿ ಚೌಕಗಳ ಸಾಲು ಮುದ್ರಣವಾಯಿತು. ಸ್ಲಿಮ್ ಇಮೇಜ್‌ನಲ್ಲಿ ಕನ್ನಡದ ಫಾಂಟ್ ಇರುವುದಿಲ್ಲ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಸೇರಿಸಿದರೆ ಅಕ್ಷರಗಳು ಬರುತ್ತವೆ, ಆದರೆ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರಬೇಕಾದರೆ ಅಕ್ಷರ ಜೋಡಿಸುವ ಪ್ಯಾಂಗೊ ಮತ್ತು ಹಾರ್ಫ್‌ಬಜ್ ಎಂಬ ಗ್ರಂಥಾಲಯಗಳೂ (ಸಿದ್ಧ ಕೋಡ್ ಸಂಗ್ರಹಗಳೂ) ಬೇಕು. ‘ಸಿದ್ದಪ್ಪ’, ‘ಮಲ್ಲಮ್ಮ’ ಎಂಬ ಹೆಸರುಗಳು ಚೀಟಿಯಲ್ಲಿ ಸರಿಯಾಗಿ ಮೂಡುವವರೆಗೆ ಈ ಹಂತ ಮುಗಿದಿದೆ ಎಂದು ನಾನು ಬರೆದುಕೊಳ್ಳಲಿಲ್ಲ. ಭದ್ರತೆಯ ಹೆಸರಿನಲ್ಲಿ ರೈತರ ಕೈಗೆ ಓದಲಾಗದ ಚೀಟಿ ಕೊಡುವುದು ಸಲ್ಲದು.

ಡೇಟಾಬೇಸ್ ಇಮೇಜ್‌ನಲ್ಲಿಯೂ ಭಾಷೆಗೆ ಸಂಬಂಧಿಸಿದ ಒಂದು ಸೂಕ್ಷ್ಮ ಎದುರಾಯಿತು. ಹಳೆಯದು ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಆಧಾರಿತ ಪೋಸ್ಟ್‌ಗ್ರೆಸ್, ಹೊಸದು ಡೆಬಿಯನ್ ಆಧಾರಿತ. ಆಲ್ಪೈನ್‌ನ ಮಸಲ್ ಗ್ರಂಥಾಲಯವು ಪಠ್ಯವನ್ನು ಬರಿಯ ಸಂಕೇತ ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆ. ಆ ಕ್ರಮದಲ್ಲಿ ‘ಳ’ಕಾರವು ವರ್ಣಮಾಲೆಯ ಕೊನೆಯಲ್ಲಿ ಬರದೆ ‘ಲ’ ಮತ್ತು ‘ವ’ಗಳ ನಡುವೆ ಬರುತ್ತದೆ. ಡೆಬಿಯನ್‌ನ ಜಿಲಿಬ್‌ಸಿ ಬೇರೆ ನಿಯಮಗಳನ್ನು ಅನುಸರಿಸುತ್ತದೆ. ಹಳೆಯ ಡೇಟಾ ಫೋಲ್ಡರನ್ನು ಹಾಗೆಯೇ ಹೊಸ ಇಮೇಜ್‌ಗೆ ಜೋಡಿಸಿದರೆ ಹೆಸರುಗಳ ಮೇಲಿನ ಸೂಚಿಗಳು (ಬೇಗ ಹುಡುಕಲು ಇರುವ ಪಟ್ಟಿಗಳು) ಕೆಟ್ಟು, ಇರುವ ರೈತರೇ ಹುಡುಕಿದಾಗ ಸಿಗದೆ ಹೋಗಬಹುದು. ನಾವು ಹೇಗೂ ಪೂರ್ತಿ ಪ್ರತಿ ತೆಗೆದು ಹೊಸ ಡೇಟಾಬೇಸ್‌ಗೆ ತುಂಬಿದ್ದರಿಂದ ಸೂಚಿಗಳು ಹೊಸದಾಗಿ ಕಟ್ಟಲ್ಪಟ್ಟವು. ಅಂತಹ ಬದಲಾವಣೆ ಮುಂದೆ ತಿಳಿಯದೆ ನುಸುಳಬಾರದೆಂದು, ಎಲ್ಲ ಇಮೇಜ್‌ಗಳನ್ನೂ ‘ಲೇಟೆಸ್ಟ್’ ಎಂಬ ಟ್ಯಾಗ್‌ಗೆ ಬದಲಾಗಿ ಅವುಗಳ ಎಸ್‌ಎಚ್‌ಎ 256 ಡೈಜೆಸ್ಟ್‌ನಿಂದ (ಒಳಗಿನ ವಿಷಯದಿಂದಲೇ ಲೆಕ್ಕಹಾಕಿದ ಗುರುತಿನಿಂದ) ಕರೆಯುವಂತೆ ಬರೆದೆ. ಟ್ಯಾಗ್ ಇಂದು ಒಂದನ್ನು, ನಾಳೆ ಇನ್ನೊಂದನ್ನು ತೋರಿಸಬಹುದು. ಡೈಜೆಸ್ಟ್ ಹಾಗೆ ಬದಲಾಗುವುದಿಲ್ಲ.

ಕಾಟಾಕ್ಕೆ ರೂಟ್ ಅಧಿಕಾರ ಏಕೆ?

ವೇಬ್ರಿಡ್ಜ್‌ನ ತೂಕ ತೋರಿಸುವ ಪೆಟ್ಟಿಗೆಯಿಂದ ಆರ್‌ಎಸ್-232 ಕೇಬಲ್ ಬಂದು, ಯುಎಸ್‌ಬಿ ಕನ್ವರ್ಟರ್ ಮೂಲಕ ಪಿಸಿಗೆ ಸೇರುತ್ತದೆ. ಇದನ್ನು ಓದುವ ಕಂಟೇನರ್ ‘ಪ್ರಿವಿಲೆಜ್ಡ್’ ಆಗಿ ಓಡುತ್ತಿತ್ತು. ಅದರ ಅರ್ಥವೇನೆಂದು ಸಾಹುಕಾರರಿಗೆ ಕಣ್ಣಾರೆ ತೋರಿಸಲು ಆ ಕಂಟೇನರ್‌ನೊಳಗೆ ಹೋಗಿ ಡಿಸ್ಕ್‌ಗಳ ಪಟ್ಟಿ ಕೇಳಿದೆ. ಪಿಸಿಯ ಮೂಲ ಡಿಸ್ಕೇ ಅಲ್ಲಿ ಕಂಡಿತು. ಅದನ್ನು ಒಂದು ಫೋಲ್ಡರ್‌ಗೆ ಮೌಂಟ್ ಮಾಡಿದರೆ ಇಡೀ ಯಂತ್ರದ ಪ್ರತಿಯೊಂದು ಕಡತವೂ, ಪಾಸ್‌ವರ್ಡ್‌ಗಳ ಶ್ಯಾಡೋ ಕಡತವೂ ಸೇರಿ, ಕೈಗೆ ಬಂದವು. ಎಂಟ್ಹತ್ತು ಅಕ್ಷರಗಳ ತೂಕವನ್ನು ಓದಿ ಮುಂದೆ ಕಳುಹಿಸುವ ಪ್ರೋಗ್ರಾಂಗೆ ಇಷ್ಟು ಅಧಿಕಾರ ಬೇಕಿಲ್ಲ. ಪ್ರಿವಿಲೆಜ್ಡ್ ತೆಗೆದು, ಆ ಒಂದು ಸಾಧನವನ್ನು ಮಾತ್ರ ಕಂಟೇನರ್‌ಗೆ ಕೊಟ್ಟು, ಪ್ರೋಗ್ರಾಂ ಅನ್ನು ಸಾಮಾನ್ಯ ಯೂಸರ್ ಆಗಿ ಓಡಿಸಿ, ಸೀರಿಯಲ್ ಪೋರ್ಟ್ ಓದಲು ಬೇಕಾದ ‘ಡಯಲ್‌ಔಟ್’ ಗುಂಪನ್ನಷ್ಟೇ ಸೇರಿಸಿದೆ.

ಹಾಗಾದರೆ ಮೊದಲಿನವರು ಪ್ರಿವಿಲೆಜ್ಡ್ ಮಾಡಿದ್ದೇಕೆ ಎಂಬುದು ಕರೆಂಟ್ ಹೋದಾಗ ತಿಳಿಯಿತು. ಜನರೇಟರ್‌ಗೆ ಬದಲಾಗುವ ಕ್ಷಣದಲ್ಲಿ ಕನ್ವರ್ಟರ್ ಒಮ್ಮೆ ಬಿಟ್ಟು ಮತ್ತೆ ಜೋಡಣೆಯಾಗಿ ಅದರ ಹೆಸರು ‘ಟಿಟಿವೈಯುಎಸ್‌ಬಿ0’ ಇದ್ದದ್ದು ‘ಟಿಟಿವೈಯುಎಸ್‌ಬಿ1’ ಆಗುತ್ತದೆ, ಕಂಟೇನರ್ ಮಾತ್ರ ಶುರುವಾದಾಗ ಇದ್ದ ಹಳೆಯ ಸಾಧನವನ್ನೇ ಹಿಡಿದುಕೊಂಡಿರುತ್ತದೆ. ಕಾಟಾ ಗುಮಾಸ್ತರು ಫೋನ್ ಮಾಡಿ “ಸರ್, ಗಾಡಿ ಕಾಟಾ ಮ್ಯಾಗ ನಿಂತೈತ್ರಿ, ತೂಕ ತೋರ್ಸವಲ್ದು” ಎಂದಾಗ ಎಲ್ಲ ಸಾಧನಗಳನ್ನೂ ತೆರೆದಿಡುವುದೇ ಸುಲಭದ ದಾರಿಯೆಂದು ಯಾರಿಗಾದರೂ ಅನ್ನಿಸುತ್ತದೆ. ಸರಿಯಾದ ದಾರಿ ಸಾಧನಗಳಿಗೆ ಹೆಸರಿಡುವ ಯೂಡೆವ್‌ಗೆ ನಿಯಮ ಬರೆಯುವುದು: ಕನ್ವರ್ಟರ್ ಯಾವ ಸಂಖ್ಯೆ ಪಡೆದರೂ ಅದಕ್ಕೆ ‘ಕಾಟಾ’ ಎಂಬ ಸ್ಥಿರ ಹೆಸರು ಸಿಗಬೇಕು, ಅದು ಮತ್ತೆ ಜೋಡಣೆಯಾದ ಕೂಡಲೇ ಸೇವೆಗಳನ್ನು ಓಡಿಸುವ ಸಿಸ್ಟಂಡಿ ಆ ಒಂದು ಕಂಟೇನರನ್ನು ಮಾತ್ರ ಮರುಪ್ರಾರಂಭಿಸಬೇಕು. ನಮ್ಮ ಕನ್ವರ್ಟರ್ ಸಿಎಚ್340 ಚಿಪ್ಪಿನ ಅಗ್ಗದ ಬಗೆ. ಅದರಲ್ಲಿ ವಿಶಿಷ್ಟ ಕ್ರಮಸಂಖ್ಯೆ ಇರಲಿಲ್ಲ. ಆದ್ದರಿಂದ ಪಿಸಿಯ ಯಾವ ಯುಎಸ್‌ಬಿ ಕಿಂಡಿಗೆ ಅದು ಸಿಕ್ಕಿಸಲ್ಪಟ್ಟಿದೆ ಎಂಬುದರ ಮೇಲೆ ನಿಯಮ ಬರೆದು, ಆ ಕಿಂಡಿಯ ಪಕ್ಕ ಕೆಂಪು ಬಣ್ಣ ಬಳಿದು, ಬೇರೆ ಕಿಂಡಿಗೆ ಹಾಕಬಾರದೆಂದು ಗುಮಾಸ್ತರಿಗೆ ತೋರಿಸಿಕೊಟ್ಟೆ. ಮೇನ್ ಸ್ವಿಚ್ ಇಳಿಸಿ, ಏರಿಸಿ ನೋಡಿದಾಗಲೆಲ್ಲ ತೂಕ ತಾನಾಗಿ ಮರಳಿ ಬಂತು.

ಉಳಿದ ಕಂಟೇನರ್‌ಗಳಿಗೂ ಇದೇ ತತ್ವ. ಡಾಕರ್ ಸಾಮಾನ್ಯವಾಗಿ ಪ್ರತಿ ಕಂಟೇನರ್‌ಗೂ 14 ಕೇಪಬಿಲಿಟಿಗಳನ್ನು (ರೂಟ್ ಅಧಿಕಾರದ ಬಿಡಿ ತುಣುಕುಗಳನ್ನು) ಕೊಟ್ಟಿರುತ್ತದೆ. ಎಲ್ಲವನ್ನೂ ಕಿತ್ತುಹಾಕಿ ಅಗತ್ಯವಿದ್ದುದನ್ನು ಮಾತ್ರ ಮರಳಿ ಕೊಟ್ಟೆ. ಪೋಸ್ಟ್‌ಗ್ರೆಸ್ ಮತ್ತು ರೆಡಿಸ್ ಇಮೇಜ್‌ಗಳು ರೂಟ್ ಆಗಿ ಶುರುವಾಗಿ, ಕಡತಗಳ ಒಡೆತನ ಬದಲಾಯಿಸಿ, ಆಮೇಲೆ ಯೂಸರ್ ಬದಲಾಯಿಸುವುದರಿಂದ ಎಲ್ಲವನ್ನೂ ಕಿತ್ತರೆ ಶುರುವಾಗುವುದೇ ಇಲ್ಲ. ಡೇಟಾ ಫೋಲ್ಡರ್‌ನ ಒಡೆತನವನ್ನು ಮೊದಲೇ ಸರಿಪಡಿಸಿ, ನೇರವಾಗಿ 999 ಎಂಬ ಯೂಸರ್ ಸಂಖ್ಯೆಯಿಂದಲೇ ಓಡಿಸಿದರೆ ಆ ತೊಡಕಿಲ್ಲ. ಆಲ್ಪೈನ್‌ನ ಪೋಸ್ಟ್‌ಗ್ರೆಸ್‌ನಲ್ಲಿ ಈ ಸಂಖ್ಯೆ 70. ಹೊಸ ಅಧಿಕಾರ ಗಳಿಸುವುದನ್ನು ತಡೆಯುವ ‘ನೋ ನ್ಯೂ ಪ್ರಿವಿಲೆಜಸ್’, ಪ್ರಕ್ರಿಯೆಗಳ ಸಂಖ್ಯೆಗೂ ಮೆಮೊರಿಗೂ ಮಿತಿ, ಓದಲು ಮಾತ್ರ ಬರುವ ಕಡತ ವ್ಯವಸ್ಥೆ ಇವನ್ನೂ ಹಾಕಿದೆ. ಕಡತ ವ್ಯವಸ್ಥೆ ಹೀಗೆ ಬೀಗವಾದಾಗ ಫಾಂಟ್‌ಗಳ ಕ್ಯಾಶ್ ಬರೆಯಲು ಜಾಗವಿಲ್ಲದೆ ಚೀಟಿ ಮುದ್ರಣ ನಿಧಾನವಾಯಿತು. ಕ್ಯಾಶನ್ನು ಇಮೇಜ್ ಕಟ್ಟುವಾಗಲೇ ತಯಾರಿಸಿ, ತಾತ್ಕಾಲಿಕ ಕಡತಗಳಿಗೆ ಮೆಮೊರಿಯಲ್ಲಿಯೇ ಇರುವ ಟಿಎಂಪಿಎಫ್‌ಎಸ್ ಎಂಬ ಜಾಗ ಕೊಟ್ಟ ಮೇಲೆ ಮೊದಲಿನ ವೇಗ ಬಂತು.

ಸಾಕೆಟ್, ಕರ್ನಲ್, ಗಡಿಯಾರ

ನಿರ್ವಹಣಾ ಪುಟದ ಕಂಟೇನರ್‌ಗೆ ಡಾಕರ್‌ಗೆ ಆದೇಶ ಕಳುಹಿಸುವ ಸಾಕೆಟ್ ಕಡತವನ್ನು ಕೊಡಲಾಗಿತ್ತು. ಓದಲು ಮಾತ್ರ ಎಂಬ ಗುರುತು ಅದರ ಮೇಲೆ ಇತ್ತಾದರೂ, ಸಾಕೆಟ್ ಮೂಲಕ ಕಳುಹಿಸುವ ಆದೇಶಗಳನ್ನು ಆ ಗುರುತು ತಡೆಯುವುದಿಲ್ಲ. ಸಾಕೆಟ್ ಸಿಕ್ಕವರು ಯಂತ್ರದ ಇಡೀ ಡಿಸ್ಕನ್ನು ಒಳಗಿಟ್ಟುಕೊಂಡ ಹೊಸ ಕಂಟೇನರ್ ಹುಟ್ಟಿಸಬಲ್ಲರು. ಆ ಪುಟವನ್ನು ಪೂರ್ತಿ ತೆಗೆದುಹಾಕಿದೆ. ಇಷ್ಟು ಸಣ್ಣ ವ್ಯವಸ್ಥೆಗೆ ಅದರ ಅಗತ್ಯವಿರಲಿಲ್ಲ. ಅದೇ ಕಾರಣಕ್ಕೆ ಕಾಟಾ ಕೋಣೆಯ ಲಾಗಿನ್ ಖಾತೆಯನ್ನು ‘ಡಾಕರ್’ ಗುಂಪಿನಿಂದ ಹೊರಗಿಟ್ಟೆ, ಏಕೆಂದರೆ ಆ ಗುಂಪಿನಲ್ಲಿರುವುದೂ ರೂಟ್ ಆಗಿರುವುದೂ ಪರಿಣಾಮದಲ್ಲಿ ಒಂದೇ.

ನೆಲ ಒಂದೇ ಆಗಿರುವಾಗ ಆ ನೆಲವನ್ನು ಸುಸ್ಥಿತಿಯಲ್ಲಿಡಬೇಕು. ಕಂಟೇನರ್‌ಗಳನ್ನು ಓಡಿಸುವ ರನ್‌ಸಿ ಪ್ರೋಗ್ರಾಂನಲ್ಲಿ 2019ರ ಫೆಬ್ರವರಿಯಲ್ಲಿ ಬಯಲಾದ ದೋಷ, ಸಿವಿಇ ಎಂಬ ಸಾರ್ವಜನಿಕ ದೋಷ ಪಟ್ಟಿಯಲ್ಲಿ ಸಿವಿಇ-2019-5736, ಕಂಟೇನರ್‌ನೊಳಗಿನಿಂದ ಯಂತ್ರದ ಮೇಲಿನ ರನ್‌ಸಿಯನ್ನೇ ತಿದ್ದಿಬರೆಯಲು ಅವಕಾಶ ಕೊಡುತ್ತಿತ್ತು. 2022ರ ಡರ್ಟಿ ಪೈಪ್ ದೋಷ ಕರ್ನಲ್‌ನಲ್ಲಿಯೇ ಇತ್ತು. 2024ರ ಜನವರಿಯ ಸಿವಿಇ-2024-21626 ಮತ್ತೆ ರನ್‌ಸಿಯದು, ಅದಕ್ಕೆ 1.1.12ರಲ್ಲಿ ತಿದ್ದುಪಡಿ ಬಂತು; 2025ರ ನವೆಂಬರ್‌ನಲ್ಲಿ ಅದೇ ಪ್ರೋಗ್ರಾಂನ ಇನ್ನೂ ಮೂರು ದೋಷಗಳು ಪ್ರಕಟವಾದವು. ಈ ಪಿಸಿಯಲ್ಲಿ ಡಾಕರ್ ಹಾಕಿದ ದಿನದಿಂದ ಯಾವ ಅಪ್‌ಡೇಟೂ ಆಗಿರಲಿಲ್ಲ. ಅದನ್ನು ಮಾಡಿ, ಭದ್ರತಾ ತಿದ್ದುಪಡಿಗಳು ತಾವಾಗಿ ಇಳಿಯುವಂತೆಯೂ, ಮರುಪ್ರಾರಂಭ ಮಾತ್ರ ರಾತ್ರಿ ಕಾಟಾ ನಿಂತ ಮೇಲೆ ಆಗುವಂತೆಯೂ ಹೊಂದಿಸಿದೆ.

ಲಾಗ್‌ಗಳ ವಿಷಯದಲ್ಲಿ ಎರಡು ಅಗತ್ಯಗಳು ಪರಸ್ಪರ ಎಳೆದಾಡಿದವು. ಡಾಕರ್‌ನ ಸಾಮಾನ್ಯ ಲಾಗ್ ಕಡತಕ್ಕೆ ಮಿತಿ ಇರುವುದಿಲ್ಲವಾದ್ದರಿಂದ ಡಿಸ್ಕ್ ತುಂಬುತ್ತದೆ. ಮಿತಿ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ. ಸರ್ಟ್-ಇನ್ ನಿರ್ದೇಶನ 180 ದಿನಗಳ ಲಾಗ್ ಇಡಬೇಕೆನ್ನುತ್ತದೆ. ಕಂಟೇನರ್‌ಗಳ ಲಾಗ್‌ಗಳನ್ನೆಲ್ಲ ಲಿನಕ್ಸ್‌ನ ಲಾಗ್ ಸಂಗ್ರಾಹಕವಾದ ಜರ್ನಲ್‌ಡಿಗೆ ತಿರುಗಿಸಿ, ಅಲ್ಲಿ ಅವಧಿಯನ್ನು ಗೊತ್ತುಮಾಡಿ, ಡೇಟಾಬೇಸ್‌ನ ಸಂಪರ್ಕಗಳ ದಾಖಲೆಯನ್ನೂ ಆನ್ ಮಾಡಿದೆ. ಲಾಗ್‌ನ ವೇಳೆ ಸರಿಯಿಲ್ಲದಿದ್ದರೆ ಅದು ಉಪಯೋಗಕ್ಕೆ ಬಾರದು. ಪಿಸಿಯ ಒಳಗಿನ ಬ್ಯಾಟರಿ ಸತ್ತಿದ್ದರಿಂದ ಕರೆಂಟ್ ಹೋದಾಗೊಮ್ಮೆ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಬ್ಯಾಟರಿ ಬದಲಿಸಿ, ಗಡಿಯಾರ ಹೊಂದಿಸುವ ಕ್ರೋನಿ ಮೂಲಕ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗೆ ಜೋಡಿಸಿದೆ. ಕಾಟಾ ಚೀಟಿಯ ಮೇಲಿನ ವೇಳೆಯೂ ಇದರಿಂದ ನೆಟ್ಟಗಾಯಿತು.

ಸಾಹುಕಾರರ ಮೊಬೈಲ್‌ಗೆ ವೈರ್‌ಗಾರ್ಡ್ (ಇಂಟರ್‌ನೆಟ್ಟಿನ ಮೂಲಕ ಮಿಲ್‌ನ ಜಾಲಕ್ಕೆ ಗುಪ್ತ ದಾರಿ ಮಾಡುವ ಪ್ರೋಗ್ರಾಂ) ಹಾಕಿಕೊಟ್ಟು, ರೌಟರ್‌ನಲ್ಲಿ ಅದರ ಒಂದೇ ಯುಡಿಪಿ ಪೋರ್ಟನ್ನು ಮಾತ್ರ ಒಳಕ್ಕೆ ಬಿಟ್ಟಿದ್ದೇನೆ. 22 ಮತ್ತು 443 ಎರಡೂ ಈಗ ಹೊರಗಿನವರಿಗೆ ಮುಚ್ಚಿವೆ. ಸರಿಯಾದ ಕೀ ಇಲ್ಲದ ಪ್ಯಾಕೆಟ್ಟಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಮತ್ತೆ ಹಾಟ್‌ಸ್ಪಾಟ್‌ನಿಂದ ಎನ್‌ಮ್ಯಾಪ್ ಓಡಿಸಿದಾಗ ಒಂದೂ ತೆರೆದ ಪೋರ್ಟ್ ಕಾಣಲಿಲ್ಲ. ಡೇಟಾಬೇಸ್‌ನ ನಕಲು ಪ್ರತಿದಿನವೂ ಗೂಢಲಿಪಿಯಲ್ಲಿ ಹೊರಗಿನ ಸಂಗ್ರಹಕ್ಕೆ ಹೋಗುತ್ತದೆ. ಅದನ್ನು ಬೇರೊಂದು ಲ್ಯಾಪ್‌ಟಾಪ್‌ನಲ್ಲಿ ಮರುಸ್ಥಾಪಿಸಿ, ಹಳೆಯ ಚೀಟಿಗಳೊಂದಿಗೆ ತಾಳೆ ನೋಡಿದ್ದೇನೆ.

ಎರಡು ಕೆಲಸಗಳು ಬಾಕಿ ಇವೆ. ಡಾಕರನ್ನು ರೂಟ್ ಅಧಿಕಾರವಿಲ್ಲದೆ ಓಡಿಸುವ ವಿಧಾನ 20.10ನೇ ಆವೃತ್ತಿಯಿಂದ ಪೂರ್ಣವಾಗಿ ಲಭ್ಯವಿದೆ, ಆದರೆ ಅದರಲ್ಲಿ ಸೀರಿಯಲ್ ಸಾಧನದ ಅನುಮತಿಗಳನ್ನು ಬೇರೆ ರೀತಿಯಲ್ಲಿ ಹೊಂದಿಸಬೇಕಾಗುತ್ತದೆ. ಆವಕದ ಹೊತ್ತಿಗೆ ಕಾಟಾದ ಮೇಲೆ ಅಂಥ ಪ್ರಯೋಗ ಮಾಡಲು ಮನಸ್ಸಾಗಲಿಲ್ಲ. ಖಾತೆ ಸಂಖ್ಯೆ ಬದಲಾದಾಗ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಬದಲಾಯಿಸಿದವರ ಹೆಸರು ಮೂರನ್ನೂ ಅಳಿಸಲಾಗದ ಪ್ರತ್ಯೇಕ ಕೋಷ್ಟಕದಲ್ಲಿ ಬರೆದು, ರೈತರ ಮೊಬೈಲ್‌ಗೆ ಕನ್ನಡದಲ್ಲಿಯೇ ಎಸ್‌ಎಂಎಸ್ ಕಳುಹಿಸುವ ಭಾಗ ಅರ್ಧ ಸಿದ್ಧವಾಗಿದೆ. ಎರಡರಲ್ಲಿ ಇದನ್ನೇ ಮೊದಲು ಮುಗಿಸುತ್ತೇನೆ.